ಪದ್ಮಕ್ಕನ ಸೊಟ್ಟ ಪ್ಲೇಟು

ಪದ್ಮಕ್ಕ, ನಿಮ್ಮ ದನಿ ಇದ್ದ ಆ ಗ್ರಾಮಫೋನ್ ಪ್ಲೇಟನ್ನು ಹಾಳು ಮಾಡಿದವಳು ನಾನು. ಹಾಳು ಮಾಡಿದ್ದಷ್ಟೇ ಅಲ್ಲ — ತಪ್ಪನ್ನು ನಿಮ್ಮ ತಲೆಗೇ ಕಟ್ಟಿದೆ. ನೀವು ನಂಬಿದಿರಿ. ಇಷ್ಟು ವರ್ಷ ನಂಬಿಕೊಂಡೇ ಇದ್ದೀರಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಸುಗಟೂರಿನ ರೈತರ ಮನೆಯವಳು, ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಭೌತಶಾಸ್ತ್ರದ ಬಿ.ಎಸ್ಸಿ. — ಕೋಲಾರದ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಗಳಿಸಿದ್ದು. ಆ ಹೆಮ್ಮೆ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿ ನಿಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದೆ. ನಿಮ್ಮ ಯಜಮಾನರು, ಲೆಕ್ಕಪತ್ರ ನೋಡುವ ರಾಯರು, ಆಫೀಸಿಗೆ ಹೋದ ಮೇಲೆ ಮನೆ ಅರ್ಧ ನಿದ್ದೆಯಲ್ಲಿರುತ್ತಿತ್ತು. ಶನಿವಾರ ನಾನು ಬೇಗ ಶಾಲೆಯಿಂದ ಬಂದರೆ ನೀವು ಪಡಸಾಲೆಯ ಪರದೆ ಎಳೆದು ಕರೆಯುತ್ತಿದ್ದಿರಿ — "ಬಾರೇ ಮೇಷ್ಟ್ರಮ್ಮಾ, ನಾನು ಹಾಡ್ತೀನಿ, ಕೇಳು."

ಹಾಡುತ್ತಿದ್ದುದು ಪ್ಲೇಟು. ಮದುವೆಗೆ ಮುಂಚೆ ನಿಮ್ಮ ತಂದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ನಿಮ್ಮಿಂದ ಎರಡು ಹಾಡು ಹಾಡಿಸಿ, ನೆಂಟರಿಗೆ ಕೊಡಲು ಕೆಲವು ಪ್ರತಿ ಮಾಡಿಸಿದ್ದರಂತೆ. ಉಳಿದದ್ದು ಇದೊಂದೇ. ಆಮೇಲೆ ಗಂಟಲಿಗೆ ಬಂದ ಕಾಯಿಲೆಯಿಂದ ನಿಮ್ಮ ದನಿ ಒಡೆದಿತ್ತು. ಹುಡುಗಿಯಾಗಿದ್ದ ನೀವು ಇದ್ದದ್ದು ಆ ಕಪ್ಪು ಬಿಲ್ಲೆಯಲ್ಲಿ ಮಾತ್ರ.

ಕಿಟಕಿಯ ಬಿಸಿಲು ತಾಗಿ ಅದರ ಅಂಚು ಸೊಟ್ಟಗಾಗಿತ್ತು. ತಿರುಗುವಾಗ ಉಬ್ಬು ಬಂದರೆ ಸಾಕು, ಪ್ಲೇಯರಿನ ತೋಳು — ಮುಳ್ಳನ್ನು ಹಿಡಿದಿರುವ ಆ ಸಣ್ಣ ಕಡ್ಡಿ — ಎಗರಿ, ಎರಡು ಮೂರು ಪದ ದಾಟಿ ಬೀಳುತ್ತಿತ್ತು. ನಾನು ತೋಳಿನ ತುದಿಗೆ ನಾಲ್ಕಾಣೆ ಬಿಲ್ಲೆಯೊಂದನ್ನು ಇಟ್ಟೆ. ಭಾರಕ್ಕೆ ಮುಳ್ಳು ಕೂತಿತು. ದನಿ ಮಾತ್ರ ಅಲೆಯಂತೆ ಏರಿ ಇಳಿದು, ಎಲ್ಲೋ ಕೆರೆಯ ಆಚೆಯಿಂದ ಬಂದ ಹಾಗೆ ಕೇಳುತ್ತಿತ್ತು. "ನೋಡೇ, ಉಯ್ಯಾಲೆ ಮೇಲೆ ಕೂತು ಹಾಡ್ತಿದೀನಿ" ಎಂದು ನೀವು ಕಣ್ಣು ಮುಚ್ಚಿದಿರಿ. ನನಗೂ ಕಣ್ಣು ಎಳೆಯುತ್ತಿತ್ತು. ಅಂಥ ಮಧ್ಯಾಹ್ನಗಳು — ಅವುಗಳಲ್ಲಿ ನಾನು ಯಾರ ಮಗಳು, ಏನು ಓದಿದೆ ಎಂಬುದು ಯಾವುದೂ ನೆನಪಿಗೆ ಬರುತ್ತಿರಲಿಲ್ಲ.

ನೆನಪಿಗೆ ತಂದವರು ರಾಯರು. ಒಂದು ದಿನ ಬಿಲ್ಲೆ ಜಾರಿ ಬಿದ್ದು ಮುಳ್ಳು ಕಿರ್ರೆಂದಾಗ ನಕ್ಕರು. "ನಾಲ್ಕಾಣೆ ಇಡೋಕೆ ಡಿಗ್ರಿ ಬೇಕೇನಮ್ಮಾ? ಹೋಟ್ಲಲ್ಲೂ ಹಿಂಗೇ ಇಡ್ತಾರೆ."

ತಮಾಷೆಯೇ. ಆದರೆ ನನಗೆ ಚುಚ್ಚಿತು.

"ಬಿಸಿ ಮಾಡಿ ಒತ್ತಿದ್ರೆ ನೆಟ್ಟಗಾಗುತ್ತೆ ಸಾರ್" ಎಂದೆ.

"ಬೇಡ ಕಣೇ, ಮುಟ್ಟಬೇಡ. ಸೊಟ್ಟ ಇದ್ರೂ ನಂದೇ ಅಲ್ವಾ" ಎಂದಿರಿ ನೀವು. ಅಷ್ಟು ಸ್ಪಷ್ಟವಾಗಿ ಹೇಳಿದ್ದಿರಿ, ಪದ್ಮಕ್ಕ.

ನೀವು ತಂಗಿಯ ಬಾಣಂತನಕ್ಕೆಂದು ಶ್ರೀನಿವಾಸಪುರಕ್ಕೆ ಹೋದಿರಿ, ರಾಯರೂ ರಜೆ ಹಾಕಿ ಜೊತೆಗೆ ಹೊರಟರು. ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದಿರಿ — ತುಳಸಿಗೆ ನೀರು ಹಾಕಲು. ನಾನು ಪ್ಲೇಟನ್ನು ಸೀರೆಯಲ್ಲಿ ಸುತ್ತಿ ಊರಿಗೆ ಒಯ್ದೆ.

ನಮ್ಮ ರೇಷ್ಮೆ ಹುಳು ಮನೆಯಲ್ಲಿ ಚಳಿಗಾಲಕ್ಕೆ ಅಗ್ಗಿಷ್ಟಿಕೆ ಇಡುತ್ತಾರೆ, ಇದ್ದಿಲ ಕೆಂಡದ್ದು. ಹುಳಕ್ಕೆ ಹಿತವಾದ ಶಾಖ ಪ್ಲೇಟಿಗೂ ಹಿತ ಎಂದು ಲೆಕ್ಕ ಹಾಕಿದೆ. ಎರಡು ಕಡಪ ಕಲ್ಲುಗಳ ನಡುವೆ ಇಟ್ಟು ಮೂಲೆಯಲ್ಲಿ ಬಿಟ್ಟೆ. ಮರುದಿನ ನೋಡಿದರೆ ಸೊಟ್ಟ ಹಾಗೆಯೇ ಇತ್ತು. ಅಷ್ಟು ಶಾಖಕ್ಕೆ ಅದು ಜಗ್ಗುವುದಿಲ್ಲ ಎಂದು ತಿಳಿದ ಮೇಲಾದರೂ ಅಲ್ಲಿಗೆ ಬಿಡಬಹುದಿತ್ತು. ಕಲ್ಲುಗಳನ್ನು ಎತ್ತಿ ಅಗ್ಗಿಷ್ಟಿಕೆಯ ಮೇಲೇ ಇಟ್ಟೆ.

ಸೊಪ್ಪು ಹಾಕಲು ಬಂದ ಅಪ್ಪ ಮೂಗು ಮುಚ್ಚಿಕೊಂಡರು. "ಏನ್ ಸುಡ್ತಿದ್ಯೇ? ಈ ವಾಸ್ನೆಗೆ ಹುಳ ಎಲೆ ಮುಟ್ಟಲ್ಲ! ತೆಗಿ ಆಚೆಗೆ."

ಅಮ್ಮ ಬಾಗಿಲಲ್ಲಿ ನಿಂತು, ನಮ್ಮ ಕಡೆಯ ತೆಲುಗು ಬೆರೆತ ಮಾತಿನಲ್ಲಿ ನಕ್ಕಳು. "ಏಂದೇ ಇದಿ, ರೊಟ್ಟಿನಾ? ಡಿಗ್ರಿ ಓದ್ದೋರು ಹಿಂಗೇನಾ ಅಡಿಗೆ ಮಾಡೋದು?"

ಕಲ್ಲು ಆರಿದ ಮೇಲೆ ತೆಗೆದೆ. ಕನ್ನಡಿಯಷ್ಟು ಸಮ. ಖುಷಿಯಿಂದ ಮುಳಬಾಗಿಲಿಗೆ ತಂದು ಹಾಕಿದೆ. ಮುಳ್ಳು ಎಲ್ಲೂ ಎಗರಲಿಲ್ಲ. ಒಣ ಹುಲ್ಲಿನ ಮೇಲೆ ಯಾರೋ ನಡೆದಂಥ ಸದ್ದು ಮಾತ್ರ. ಇನ್ನೊಂದು ಬದಿಗೆ ತಿರುಗಿಸಿದೆ. ಅದೂ ಹಾಗೇ. ಹಾಡು ಇದ್ದ ಗೆರೆಗಳೆಲ್ಲ ಕರಗಿ ಒಂದಾಗಿದ್ದವು.

ನೀವು ಬಂದು ಅದನ್ನು ಹಾಕಿಕೊಂಡು ಕೂತಿದ್ದಿರಿ. ನಾನು ಕೋಣೆಯಿಂದ ಬಂದೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿ — ಇಲ್ಲ, ನಿಮ್ಮ ಮುಖ ನೋಡಿದಾಗ ಹೊಳೆದದ್ದು.

"ಪುಸ್ತಕದ ಕೆಳಗೆ ಇಟ್ಟಿದ್ದೆ, ಸೊಟ್ಟ ಹೋಯ್ತು. ದನಿ ಹೋಗಿದ್ದು ಅದಕ್ಕಲ್ಲ ಅಕ್ಕಾ. ನೀವು ಹಾಕಿ ಹಾಕಿ ಗೆರೆ ಸವೆದುಹೋಗಿದೆ."

ನೀವು ಪ್ಲೇಟಿನ ಮೇಲೆ ಬೆರಳಾಡಿಸಿದಿರಿ. "ಹೌದಾ... ನೀನು ಓದಿದವಳು, ನಿನಗೆ ಗೊತ್ತಿರುತ್ತೆ." ಪ್ಲೇಟನ್ನು ಕವರಿನೊಳಗೆ ಜಾರಿಸುತ್ತ — "ಆಸೆ ಜಾಸ್ತಿ ಆಯ್ತು ಕಣೇ ನನಗೆ."

ನನ್ನ ಡಿಗ್ರಿಯನ್ನು ಅಷ್ಟು ಸಲೀಸಾಗಿ ನಂಬಿದವರು ಅದಕ್ಕೆ ಮೊದಲೂ ಯಾರೂ ಇರಲಿಲ್ಲ, ಆಮೇಲೂ ಇಲ್ಲ.

ಮುಂದೆ ಕೋಲಾರದಲ್ಲಿ ಲೆಕ್ಚರರ್ ಆದೆ. ಎರಡು ಸಾವಿರದ ನಂತರ ಒಮ್ಮೆ ಬೆಂಗಳೂರಿನಲ್ಲಿ ಹಳೆಯ ಪ್ಲೇಯರುಗಳ ಅಂಗಡಿ ಹೊಕ್ಕಿದ್ದೆ. ನಿಮ್ಮದಕ್ಕಿಂತ ಸೊಟ್ಟಗಿದ್ದ ಪ್ಲೇಟೊಂದು ಅಲ್ಲಿ ಹಾಡುತ್ತಿತ್ತು. ನಡುವೆ ಒತ್ತಿ ಹಿಡಿಯುವ ಬಿಲ್ಲೆ, ಅಂಚಿಗೆ ಕೂರುವ ಭಾರದ ಬಳೆ, ಬುಡದಲ್ಲಿ ಗಟ್ಟಿ ಎಣ್ಣೆಯ ಬಟ್ಟಲಿದ್ದ ತೋಳು. ಆ ತೋಳು ಎಗರುತ್ತಿರಲಿಲ್ಲ. ಉಬ್ಬಿನೊಂದಿಗೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು, ನಿದ್ದೆ ಹೋದವರ ಎದೆಯ ಹಾಗೆ. ಪ್ಲೇಟನ್ನು ನೆಟ್ಟಗೆ ಮಾಡಬೇಕಾಗಿಯೇ ಇರಲಿಲ್ಲ. ತೋಳು ಅದಕ್ಕೆ ಹೊಂದಿಕೊಂಡಿದ್ದರೆ ಸಾಕಿತ್ತು.

ಆಗಲೂ ನಾನು ನಿಮ್ಮಲ್ಲಿಗೆ ಬರಲಿಲ್ಲ. ಬಂದದ್ದು ಹೋದ ತಿಂಗಳು, ಆ ದಿನಗಳಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದ ನಿಮ್ಮ ಮಗಳು ಕರೆದಳೆಂದು. ಅವಳು ತನ್ನ ಮಗುವಿನ ತೊದಲು ಹಾಡನ್ನು ಸಿ.ಡಿ. ಮಾಡಿಸಿ ತಂದಿದ್ದಳು. ಒಂದು ಸಲ ಕೇಳಿ ನೀವು ಕೈ ಅಡ್ಡ ಹಿಡಿದಿರಿ.

"ಸಾಕು ಕಣೇ, ಎತ್ತಿಡು. ಜಾಸ್ತಿ ಕೇಳಿದ್ರೆ ಸವೆದುಹೋಗುತ್ತೆ."

"ಅಮ್ಮಾ, ಇದು ಸವೆಯಲ್ಲಮ್ಮಾ!" ಎಂದು ಅವಳು ನಕ್ಕಳು. "ನೀನ್ ನಿಂದೇ ಹಾಡು ಕೇಳಿ ಕೇಳಿ ಮುಗಿಸಿದ್ಯಂತಲ್ಲ, ಅದಕ್ಕೇ ಹೆದರಿಕೆ!" ರಾಯರೂ ನಕ್ಕರು. ನೀವೂ ನಕ್ಕಿರಿ, ನಾಚಿಕೊಂಡು. ಮೊಮ್ಮಗಳ ದನಿ ಕೇಳಲೂ ಅಂಜುವ ಹಾಗೆ ನಿಮ್ಮನ್ನು ಮಾಡಿದ ನಾನು ಎದುರಿಗೇ ಕೂತು, ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಮುರಿಯುತ್ತಿದ್ದೆ. ಆಗಲಾದರೂ — ಇಲ್ಲ. ಹೇಳಲಿಲ್ಲ.

ಈ ಭಾನುವಾರ ಬರುತ್ತೇನೆ. ರಾಯರೂ ಮಗಳೂ ಮನೆಯಲ್ಲಿರುವಾಗಲೇ ಬರುತ್ತೇನೆ; ಅವರು ನಕ್ಕದ್ದು ನನ್ನ ಸುಳ್ಳಿಗೆ. ನೀವು ಕೇಳಿದ್ದರಿಂದ ಏನೂ ಸವೆಯಲಿಲ್ಲ, ಪದ್ಮಕ್ಕ, ಎಂದು ಅವರೆದುರಿಗೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಮಾತಾಡದೆ ಒಳಗೆ ಹೋದರೆ ಜಗುಲಿಯಲ್ಲೇ ಸ್ವಲ್ಪ ಹೊತ್ತು ಕೂತು, ಬಸ್ಸು ಹತ್ತುತ್ತೇನೆ. ಎಂದಿನಂತೆ ಕಾಫಿ ಮಾತ್ರ ತರಬೇಡಿ — ಅದನ್ನು ಕುಡಿಯುವುದು ನನ್ನಿಂದ ಆಗುವುದಿಲ್ಲ.