ಅನುಭವದ ಕಾಲಂ ಖಾಲಿ

ಶ್ರವಣಯಂತ್ರ ಮಾರುವ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಚೂಟಿ ಎರಡು ಸಲ ಓದಿದಳು. ಶನಿವಾರ, ಭಾನುವಾರ ಕೌಂಟರಿನಲ್ಲಿ ಕೂರಲು ಒಬ್ಬರು ಬೇಕು, ವಿದ್ಯಾರ್ಥಿಗಳಾದರೂ ಸರಿ, ರೆಸ್ಯೂಮೆ ತನ್ನಿ. ಕಾಲೇಜಿನ ಎರಡನೇ ವರ್ಷದಲ್ಲಿದ್ದ ಅವಳಿಗೆ ಕೆಲಸವೇನೋ ಬೇಕಿತ್ತು. ಆದರೆ ರೆಸ್ಯೂಮೆ ಎಲ್ಲಿಂದ ತರುವುದು? ಸಂಬಳಕ್ಕೆಂದು ಒಂದು ಕಡ್ಡಿಯನ್ನೂ ಈಚೆಯಿಂದ ಆಚೆ ಎತ್ತಿಟ್ಟವಳಲ್ಲ.

ಗೆಳತಿಯೊಬ್ಬಳು ತನ್ನದನ್ನೇ ಕಳಿಸಿಕೊಟ್ಟಳು. ಚೂಟಿ ಹೆಸರು, ವಿಳಾಸ ಬದಲಾಯಿಸಿ, ಅನುಭವ ಎಂಬಲ್ಲಿ 'ಇಲ್ಲ' ಎಂದು ಹಾಕಿ, ಪ್ರಿಂಟ್ ತೆಗೆಸಿ ಮನೆಗೆ ತಂದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಿಟ್ಟು ಗಟ್ಟಿಯಾಗಿ ಓದಿದಳು.

"ಕಷ್ಟಪಟ್ಟು ದುಡಿಯುವ ಸ್ವಭಾವ, ನಾಯಕತ್ವದ ಗುಣ, ಹವ್ಯಾಸ ಈಜು... ಯಾರೇ ಈ ಹುಡುಗಿ? ತುಂಬಾ ಒಳ್ಳೆಯವಳ ಥರ ಕಾಣ್ತಾಳೆ. ನಮ್ಮನೇಲಿ ಮಾತ್ರ ನೋಡಿದ ನೆನಪಿಲ್ಲ."

ಈಜನ್ನು ತೆಗೆಯಲು ಚೂಟಿ ಮರೆತಿದ್ದಳು. ಬಕೆಟ್ಟಿಗಿಂತ ಆಳದ ನೀರಿಗೆ ಅವಳು ಕೈ ಹಾಕಿದ್ದೇ ಇಲ್ಲ.

ಹಾಳೆ ಅಜ್ಜನ ಕೈಗೆ ದಾಟಿತು. ಅವರು ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಯಂತ್ರಗಳ ಗದ್ದಲಕ್ಕೆ ಕಿವಿ ಹೋಗಿತ್ತು, ಕಣ್ಣು ಮಾತ್ರ ಹದ್ದಿನದು. ಶ್ರವಣಯಂತ್ರ ಹಾಕಿಕೊಂಡರೆ ಬಾಗಿಲು ಮುಚ್ಚಿದ ಸದ್ದೂ ಗುಡುಗಿದಂತಾಗುತ್ತದೆಂದು ಅದನ್ನು ಪೆಟ್ಟಿಗೆಯಲ್ಲೇ ಮಲಗಿಸಿದ್ದರು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಈಗ ಕೆಂಪು ಪೆನ್ಸಿಲ್ ಹಿಡಿದು ಕೂತರು ನೋಡಿ, ನಾಯಕತ್ವ ಹೋಯಿತು, ಈಜು ಹೋಯಿತು, ಕಷ್ಟಪಟ್ಟು ದುಡಿಯುವ ಸ್ವಭಾವವೂ ಹೋಯಿತು. ಉಳಿದದ್ದು ಹೆಸರು, ವಿಳಾಸ, ಓದು. 'ಅನುಭವ: ಇಲ್ಲ' ಎಂಬುದರ ಪಕ್ಕ ದೊಡ್ಡದೊಂದು ಪ್ರಶ್ನೆಚಿಹ್ನೆ.

"ಇಲ್ಲ ಅಂತ ಯಾಕೆ ಬರ್ದಿದ್ದೀಯ?"

ಚೂಟಿ ಸ್ಟೂಲ್ ಎಳೆದು, ಕಿಟಕಿಯ ಬೆಳಕು ತನ್ನ ಮುಖಕ್ಕೆ ಬೀಳುವಂತೆ ಎದುರಿಗೆ ಕೂತಳು. "ನಾನೆಲ್ಲಿ ಕೆಲಸ ಮಾಡಿದ್ದೀನಿ ಅಜ್ಜ?"

"ನನ್ನ ಜೊತೆ ಡಾಕ್ಟರ ಹತ್ರ ಬರೋದು ಯಾರು? ಬ್ಯಾಂಕಿನವರು ಫೋನ್ ಮಾಡಿದ್ರೆ ಮಾತಾಡಿ ನಂಗೆ ಹೇಳೋದು ಯಾರು?"

"ಅದೂ ಒಂದು ಕೆಲಸಾನಾ?"

"ಮತ್ತೇನು, ಕುಂಟೆಬಿಲ್ಲೆನಾ? ಈಗ ಬೆಳಕಿಗೆ ಮುಖ ಕೊಟ್ಟು ಕೂತ್ಯಲ್ಲ, ಅದನ್ನ ಯಾವ ಕಾಲೇಜಲ್ಲಿ ಹೇಳ್ಕೊಟ್ರು?"

ಚೂಟಿ ಎದ್ದು ಒಳಗೆ ಹೋದಳು. ಹೊಸ ಹಾಳೆ ಬಂತು. ಅವಳು ಬರೆಯುತ್ತ ಹೋದಳು, ಅಜ್ಜ ಹೊಡೆದುಹಾಕುತ್ತ ಹೋದರು. 'ಸಂವಹನ ಕೌಶಲ್ಯ'ಕ್ಕಂತೂ ಎರಡು ಗೀಟು ಬಿತ್ತು. ಸಂಜೆಯ ಹೊತ್ತಿಗೆ ಮೂರು ಸಾಲು ನಿಂತವು: ಕಿವಿ ಕೇಳದ ಅಜ್ಜನ ಜೊತೆ ಎಂಟು ವರ್ಷದಿಂದ ಆಸ್ಪತ್ರೆ, ಬ್ಯಾಂಕುಗಳಿಗೆ ಹೋಗಿ ಅವರ ಪರವಾಗಿ ಮಾತಾಡುತ್ತಿದ್ದೇನೆ. ಕೂಗದೆ, ಎದುರಿಗೆ ಕೂತು, ನಿಧಾನವಾಗಿ ಹೇಳುವುದು ಗೊತ್ತು. ಮುಖ್ಯವಾದದ್ದನ್ನು ಬರೆದೂ ಕೊಡುತ್ತೇನೆ.

ಮಾರನೆಯ ದಿನ ಅಂಗಡಿಯ ಯಜಮಾನಿ ಆ ಹಾಳೆ ಓದಿ, ಕನ್ನಡಕವನ್ನು ತಲೆಗೇರಿಸಿ, ಇವಳನ್ನು ಮೇಲಿಂದ ಕೆಳಗೆ ನೋಡಿದರು.

"ಎಂಟು ವರ್ಷನಾ? ಈಗ ವಯಸ್ಸೆಷ್ಟು?"

"ಹತ್ತೊಂಬತ್ತು ಮೇಡಂ. ಹನ್ನೊಂದಕ್ಕೇ ಡ್ಯೂಟಿ ಶುರು."

"ಸರಿ. ಈ ಬರೆದುಕೊಡೋದು ಯಾಕೆ?"

ಅಲ್ಲಿಯವರೆಗೆ ದುಪಟ್ಟಾ ತುದಿ ಹಿಂಡುತ್ತಿದ್ದ ಚೂಟಿಗೆ ನಗು ಬಂತು.

"ಅಜ್ಜನಿಗೆ ಬೆರಳ ಗಂಟು ನೋವಿತ್ತು ಮೇಡಂ. ಊಟ ಆದ್ಮೇಲೆ ಮಾತ್ರೆ ತಗೊಳ್ಳಿ ಅಂದ್ರು ಡಾಕ್ಟರು, ನಾನೂ ಬಾಯಲ್ಲೇ ಹೇಳಿದೆ, ಬರೆದುಕೊಡ್ಲಿಲ್ಲ. ತುಟಿ ನೋಡೋರಿಗೆ ಮಾತ್ರೆನೂ ಪಾತ್ರೆನೂ ಒಂದೇ. ಪಾತ್ರೆ ತೊಳ್ಕೊಳ್ಳಿ ಅಂತ ತಿಳ್ಕೊಂಡ್ರು. ಒಂದು ವಾರ ಮನೆಯವರೆಲ್ಲರ ತಟ್ಟೆ, ಲೋಟ ಅವರೇ ತೊಳೆದ್ರು. ಬೆರಳಿಗೆ ವ್ಯಾಯಾಮ ಅಂತೆ!"

"ಮನೇಲಿ ಯಾರೂ ಕೇಳ್ಲಿಲ್ವಾ?"

"ಅಮ್ಮ ಕೇಳ್ಬೇಕಿತ್ತು. ಖಾಲಿ ಸಿಂಕ್ ನೋಡಿದ ಖುಷಿಗೆ ಅವಳಿಗೆ ಮಾತೇ ಹೊರಡಲಿಲ್ಲ."

ಯಜಮಾನಿ ಮೇಜು ಬಡಿದು ನಕ್ಕರು. ಪಕ್ಕದ ಕುರ್ಚಿಯಲ್ಲಿ ಹೊಸ ಯಂತ್ರ ಹಾಕಿಸಿಕೊಂಡು ಕೂತಿದ್ದ ಹಿರಿಯರು ಬೆಚ್ಚಿ ಕಿವಿಗೆ ಕೈ ಅಡ್ಡ ಹಿಡಿದರು.

"ಸ್ವಲ್ಪ ಮೆಲ್ಲಗೆ ನಗ್ರೀ ತಾಯಿ! ಈಗ ತಾನೆ ಕಿವಿ ಬಂದಿದೆ!"

ಯಜಮಾನಿ ಏನೋ ಹೇಳಲು ಹೋಗಿ ಮತ್ತೆ ನಗೆಗೆ ಸಿಕ್ಕಿಬಿದ್ದರು. ಚೂಟಿಯೇ ಎದ್ದು ಆ ಹಿರಿಯರ ಎದುರಿಗೆ ಕುರ್ಚಿ ಎಳೆದು ಕೂತು, "ಈಗ ಹೇಗೆ ಕೇಳ್ತಿದೆ ಸರ್?" ಎಂದಳು.

"ಬಾ ಶನಿವಾರ, ಹತ್ತು ಗಂಟೆಗೆ," ಎಂದರು ಯಜಮಾನಿ ಕಣ್ಣೊರೆಸಿಕೊಳ್ಳುತ್ತ.

ಶನಿವಾರ ಒಂಬತ್ತೂವರೆಗೇ ಹೋಗಿ ನಿಂತಳು. ಶಟರ್ ಇನ್ನೂ ತೆಗೆದಿರಲಿಲ್ಲ.