ಮುದುಕನ ಕೆಳತುಟಿ

ಸ್ಪಂಜಕ್ಕನಿಗೆ ಆ ಹೆಸರಿಟ್ಟವರು ಗೊಂಬೆಯಾಟದ ತಂಡದವರು. ಅದಕ್ಕೂ ಮೊದಲು ಅವಳು ಕುಶನ್ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಪಂಜು ಕತ್ತರಿಸಿದವಳು. ಸೋಫಾ, ದಿಂಬು, ಕುರ್ಚಿಯ ಸೀಟು. ಉದ್ದ ಇಷ್ಟು, ಅಗಲ ಇಷ್ಟು, ದಪ್ಪ ಇಷ್ಟು. ನಾಲ್ಕು ಮೂಲೆಯ ಆಚೆ ಲೋಕವೇ ಇಲ್ಲವೆಂಬಂತೆ ಬದುಕಿದ್ದವಳ ಬಳಿ ಒಂದು ದಿನ ತಂಡದ ಯಜಮಾನರು ಬಂದು, ಉಳಿದ ಚೂರುಗಳಲ್ಲಿ ಗೊಂಬೆಗೊಂದು ಮೂಗು ಮಾಡಿಕೊಡ್ತೀರಾ ಎಂದು ಕೇಳಿದರು. ಅವರು ಕೇಳಿದ್ದು ಮೂಗು. ಇವಳು ಮಾಡಿಕೊಟ್ಟದ್ದು ಇಡೀ ಮುಖ.

ಹನ್ನೊಂದು ವರ್ಷದಲ್ಲಿ ಅಂಥ ಹದಿನಾಲ್ಕು ತಲೆಗಳಾದವು. ಕತ್ತೆ, ರಾಣಿ, ಅಡುಗೆಯವನು, ಎರಡು ಕಪ್ಪೆ ಹೀಗೆ. ಎಲ್ಲಕ್ಕಿಂತ ದೊಡ್ಡದು ಮುದುಕನದು. ಎರಡು ಬೆರಳಿನಷ್ಟು ದಪ್ಪದ ಕೆಳತುಟಿ, ಜೋಲು ಕೆನ್ನೆ, ಸದಾ ಏನೋ ಕೇಳಬೇಕೆಂದಿರುವಂಥ ಹುಬ್ಬು. ತಂಡದ ಹೊಟ್ಟೆ ಹೊರೆಯುತ್ತಿದ್ದವನೇ ಅವನು.

ಸ್ಪಂಜಿನ ಬುದ್ಧಿ ವಿಚಿತ್ರ. ಒಂದು ಗಳಿಗೆ ಅದುಮಿದರೆ ಪುಟಿದು ಏಳುತ್ತದೆ, ಒಂದು ತಿಂಗಳು ಅದುಮಿಟ್ಟರೆ ಅದುಮಿದ ಹಾಗೇ ಉಳಿಯುತ್ತದೆ. ತಲೆಯ ಒಳಗು ಟೊಳ್ಳು, ಆಡಿಸುವವರ ಕೈ ಹೋಗಬೇಕಲ್ಲ. ಆಟ ಮುಗಿದ ಮೇಲೆ ಆ ಟೊಳ್ಳನ್ನು ಹಾಗೇ ಬಿಟ್ಟರೆ ಕೆನ್ನೆ ಗುಳಿ ಬೀಳುತ್ತದೆ, ಹಣೆ ಮಡಚಿಕೊಳ್ಳುತ್ತದೆ, ತುಟಿ ಜೋತುಬೀಳುತ್ತದೆ. ಅದಕ್ಕೇ ಪ್ರತಿ ತಲೆಗೂ ಒಂದು ಹೊಟ್ಟೆಚೀಲ. ತಲೆಯ ಒಳ ಅಳತೆಗೇ ಹೊಲಿದ ಬಟ್ಟೆಯ ಚೀಲ, ಅದರ ತುಂಬ ಹಳೇ ಬನಿಯನ್ನಿನ ಚೂರು. ಆಟಕ್ಕೆ ಮೊದಲು ಎಳೆದು ತೆಗೆಯಬೇಕು, ಆಟ ಮುಗಿದ ಕೂಡಲೇ ತುರುಕಬೇಕು. ಕುಸಿದ ಮುಖಕ್ಕೆ ಇಸ್ತ್ರಿಪೆಟ್ಟಿಗೆಯ ಉಗಿ ಹಿಡಿದು, ಬೆರಳಲ್ಲಿ ನೀವಿ ನೀವಿ ಎಬ್ಬಿಸಿ, ಆಮೇಲೆ ಚೀಲ ತುಂಬಿ ಒಂದು ದಿನ ಮುಟ್ಟದೆ ಬಿಡಬೇಕು. ಇಷ್ಟೇ ವಿದ್ಯೆ. ಅರ್ಧ ದಿನ ಕೂತು ನೋಡಿದರೆ ಯಾರಿಗಾದರೂ ಬರುತ್ತದೆ. ಆದರೆ ಸ್ಪಂಜಕ್ಕ ಚೀಲದ ಬಾಯನ್ನು ತಾನೇ ಹೊಲಿಯುತ್ತಿದ್ದಳು, ಯಾರಾದರೂ ಇಣುಕಿದರೆ, "ಬೆಳಕಿಗೆ ಅಡ್ಡ ನಿಲ್ಲಬೇಡಿ" ಎಂದು ರೇಗುತ್ತಿದ್ದಳು.

ಈಗ ಅವಳ ಕಳ್ಳತನದ ವಿಷಯ ಹೇಳಬೇಕು. ಕುಶನ್ ಅಂಗಡಿ ಮುಚ್ಚಿತು, ಅದೇ ವರ್ಷ ಅವ್ವನೂ ಹೋದಳು. ಮೂರನೇ ಮಹಡಿಯ ಒಂದೂವರೆ ಕೋಣೆಯ ಮನೆಯಲ್ಲಿ ಸ್ಪಂಜಕ್ಕ ಒಬ್ಬಳೇ ಉಳಿದಳು. ಮದುವೆಯ ಮಾತು ಎಂದೋ ಬಂದು ಎಂದೋ ಹೋಗಿತ್ತು. ಎದುರು ಮನೆಯವರು ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಿದ್ದರು, ನಗುತ್ತಲೇ ಇಳಿದುಹೋಗುತ್ತಿದ್ದರು. ಒಮ್ಮೆ ಮುದುಕನ ಚೀಲ ತುಂಬುವಾಗ ಬಟ್ಟೆಚೂರು ಮುಗಿದು, ಕೆಳತುಟಿಯ ಭಾಗಕ್ಕೆ ಎರಡು ಹಿಡಿ ಕಡಿಮೆ ಬಿತ್ತು. ಪರವಾಗಿಲ್ಲವೆಂದು ಹೊಲಿದು ಬಂದಳು. ಹತ್ತೊಂಬತ್ತು ದಿನ ಮನೆಯಲ್ಲಿ ಮನುಷ್ಯರ ದನಿ ಕೇಳಲಿಲ್ಲ. ಇಪ್ಪತ್ತನೇ ದಿನ ಫೋನು.

"ಅಕ್ಕಾ, ಮುದುಕನ ತುಟಿ ಜೋತುಬಿದ್ದಿದೆ. ನಾಳೆ ಬರ್ತೀಯಾ?"

ಕೇಳಿದವಳು ಮುದುಕನನ್ನು ಆಡಿಸುವ ಗುಡುಗಮ್ಮ. ಅಂಗೈ ಅಗಲದ ಹೆಂಗಸು, ಎರಡು ಮಕ್ಕಳ ತಾಯಿ. ಗಂಟಲು ಮಾತ್ರ ನಾಲ್ಕು ಗಂಡಸರದು, ಹೆಸರು ಬಂದದ್ದೂ ಅದರಿಂದಲೇ. ಸ್ಪಂಜಕ್ಕ ಸೂಜಿ, ದಾರ, ಕತ್ತರಿಯ ತಗಡಿನ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಅವಳು ಉಗಿ ಹಿಡಿಯುತ್ತಿದ್ದಷ್ಟು ಹೊತ್ತೂ ಗುಡುಗಮ್ಮ ಪಕ್ಕದಲ್ಲಿ ಕೂತು ಗಂಡನನ್ನು ಬೈದಳು, ಮಗಳ ಹಲ್ಲು ಬಿದ್ದದ್ದು ಹೇಳಿದಳು, ಚಹಾ ತಂದುಕೊಟ್ಟಳು. ಸ್ಪಂಜಕ್ಕನಿಗೆ ಬದುಕು ಬಂದಂತಾಯಿತು. ಹೊರಡುವ ಮುಂಚೆ ಚೀಲ ತುಂಬುವಾಗ ಅವಳ ಬಳಿ ಬಟ್ಟೆಚೂರು ಬೇಕಾದಷ್ಟಿತ್ತು. ಆದರೂ ಎರಡು ಹಿಡಿ ಕಡಿಮೆ ತುಂಬಿದಳು.

ಹೀಗೆ ಎರಡು ವರ್ಷ ನಡೆಯಿತು. ಒಮ್ಮೆ ಮುದುಕನ ತುಟಿ, ಒಮ್ಮೆ ರಾಣಿಯ ಗಲ್ಲ. ಕೈ ಎಷ್ಟು ಪಳಗಿತ್ತೆಂದರೆ, ಇಷ್ಟು ಕಡಿಮೆ ತುಂಬಿದರೆ ಇಷ್ಟು ದಿನಕ್ಕೆ ಫೋನು ಬರುತ್ತದೆಂದು ಲೆಕ್ಕ ಹಾಕಿ ಹೇಳಬಲ್ಲವಳಾಗಿದ್ದಳು. ಯಾರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವ ಗರಜು ಯಾಕೆ ಬೀಳುತ್ತಿತ್ತು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಒಂದು ಸಲ ಇಪ್ಪತ್ತಮೂರು ದಿನವಾದರೂ ಫೋನಿಲ್ಲ. ಇಪ್ಪತ್ತನಾಲ್ಕನೇ ದಿನ ಬಂದಾಗ ದನಿ ಯಜಮಾನರದು. "ನಾಳೆ ಬನ್ನಿ" ಎಂದು ಇಟ್ಟೇಬಿಟ್ಟರು.

ಹೋಗಿ ನೋಡಿದರೆ ಮುದುಕನ ಪಕ್ಕದಲ್ಲಿ ಗುಡುಗಮ್ಮನಿಲ್ಲ. ಅವಳು ಮೂಲೆಯಲ್ಲಿ ಪರದೆಯ ಹಗ್ಗಕ್ಕೆ ಗಂಟು ಹಾಕುತ್ತಿದ್ದಳು.

"ಏನಾಯ್ತೇ?"

"ಶಾಲೆಲಿ ಆಟ ಇತ್ತಕ್ಕಾ. ಮುದುಕ ಕತ್ತೆನ ಮಾರಿ ಅಳ್ತಾನಲ್ಲ, ಸರಿಯಾಗಿ ಅಲ್ಲೇ ತುಟಿ ಒಳಗೆ ಮಡಚ್ಕೊಂಡ್ಬಿಡ್ತು. ಬಾಯಿ ಮುಚ್ತಾನೇ ಇಲ್ಲ. ನಾನು ಒಳಗಿಂದ ಬೆರಳಲ್ಲಿ ತಳ್ಳಿದೆ, ಗಲ್ಲ ಬುಗುಟೆ ಥರ ಎದ್ದು ನಿಂತ್ಕೊಳ್ತು. ಮಕ್ಕಳು ಬಿದ್ದು ಬಿದ್ದು ನಕ್ಕವು." ಗುಡುಗಮ್ಮ ತಾನೂ ನಗಲು ಹೋಗಿ ಬಿಟ್ಟಳು. "ನಾನು ಚೀಲ ಹಾಕದೆ ಪೆಟ್ಟಿಗೆಲಿ ತುರುಕಿದ್ದೆ ಅಂತಾರೆ ಯಜಮಾನರು. ಹಾಕಿದ್ದೆ ಕಣಕ್ಕಾ, ಮಕ್ಕಳಾಣೆ. ಇನ್ನು ಮುದುಕನ್ನ ಮುಟ್ಟಬೇಡ, ಪರದೆ ಎಳಿ ಅಂದ್ರು."

ಆ ಗಂಟಲಿಗೆ ಪರದೆಯ ಹಗ್ಗ! ಸುಮ್ಮನೆ ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡು ಕೂತರೂ ಆಗುತ್ತಿತ್ತು. ಯಾರೂ ಚೀಲ ಬಿಚ್ಚಿ ನೋಡುವವರಿರಲಿಲ್ಲ. ಸ್ಪಂಜಕ್ಕ ಡಬ್ಬಿ ತೆರೆದಳು, ಮುಚ್ಚಿದಳು. ಆಮೇಲೆ ಎದ್ದು ಯಜಮಾನರ ಮೇಜಿನ ಮುಂದೆ ಹೋಗಿ ನಿಂತಳು.

"ಅವಳದ್ದೇನೂ ತಪ್ಪಿಲ್ಲ. ಚೀಲ ತುಂಬಿದ್ದು ನಾನು. ಕಡಿಮೆ ತುಂಬಿದ್ದೆ."

"ಹೋಗ್ಲಿ ಬಿಡಿ" ಎಂದರು ಯಜಮಾನರು. "ನಿಮಗೂ ವಯಸ್ಸಾಯ್ತು. ಕೈ ತಪ್ಪುತ್ತೆ."

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಹಿರಿಯರಿಗೆ ಸಿಗುವ ರಿಯಾಯಿತಿ ಅದು, ಯಾರೂ ಬೇಡ ಎನ್ನುವುದಿಲ್ಲ. ಸ್ಪಂಜಕ್ಕ ಬೇಡ ಎಂದಳು.

"ಕೈ ತಪ್ಪಿಲ್ಲ. ಬೇಕಂತಲೇ ಮಾಡಿದ್ದು. ಎರಡು ವರ್ಷದಿಂದ ಮಾಡ್ತಿದ್ದೀನಿ."

"ಯಾಕೆ?"

"ನೀವು ಫೋನ್ ಮಾಡ್ಲಿ ಅಂತ."

ಯಜಮಾನರಿಗೆ ಬೈಯಬೇಕೋ ಕೂರಿಸಬೇಕೋ ತಿಳಿಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಹಿಂದೆ ಹಗ್ಗದ ಸದ್ದು ನಿಂತಿತ್ತು.

ಅಂದೇ ಗುಡುಗಮ್ಮನಿಗೆ ಮುದುಕ ವಾಪಸು ಸಿಕ್ಕಿದ. ಸ್ಪಂಜಕ್ಕ ಒಂಬತ್ತು ದಿನ ಓಡಾಡಿ ಹದಿನಾಲ್ಕು ಚೀಲಗಳನ್ನೂ ಬಿಚ್ಚಿ ಹೊಸದಾಗಿ ಮಾಡಿದಳು. ಈ ಸಲ ಬಟ್ಟೆಚೂರಿನ ಬದಲು ಕುಶನ್ನಿನ ಗಟ್ಟಿ ಸ್ಪಂಜನ್ನೇ ಪ್ರತಿ ತಲೆಯ ಒಳಗಿನ ಆಕಾರಕ್ಕೆ ಕೊರೆದು, ಮೇಲೆ ಬಟ್ಟೆ ಹೊದಿಸಿದಳು. ತುಟಿಗೊಂದು, ಗಲ್ಲಕ್ಕೊಂದು ಬೇರೆ ತುಂಡು. ಜಾಗ ತಪ್ಪಿ ಇಡಲು ಆಗಲೇಬಾರದು, ಹಾಗೆ. ಉಗಿ ಹಿಡಿಯುವುದನ್ನೂ ಗುಡುಗಮ್ಮನಿಗೆ ಕಲಿಸಿದಳು. ಆ ಒಂಬತ್ತು ದಿನ ಗುಡುಗಮ್ಮ ಎಂದಿನಷ್ಟು ಮಾತಾಡಲಿಲ್ಲ. ಕೋಪವೋ ಮರುಕವೋ, ಕೇಳುವ ಧೈರ್ಯ ಸ್ಪಂಜಕ್ಕನಿಗಿರಲಿಲ್ಲ. ಕೊನೆಯ ದಿನ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು.

"ಇನ್ನು ಹತ್ತು ವರ್ಷ ಇವಕ್ಕೆ ಏನೂ ಆಗಲ್ಲ" ಎಂದಳು ಸ್ಪಂಜಕ್ಕ. ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಅವಳು ಮಾಡಿರಲಿಲ್ಲ.

ಆಮೇಲೆ ಮನೆ. ಮೊದಲ ತಿಂಗಳು ಫೋನನ್ನು ಅಡುಗೆಕಟ್ಟೆಗೂ ಒಯ್ದಳು. ಎರಡನೇ ತಿಂಗಳು ಒಯ್ಯಲಿಲ್ಲ. ಇರುವ ಎರಡು ದಿಂಬನ್ನೇ ಬಿಚ್ಚಿ, ಕೊಡವಿ, ಮತ್ತೆ ಹೊಲಿದಳು. ಒಂಟಿತನ ಅಭ್ಯಾಸವಾಗುತ್ತದೆಂದು ಹೇಳುವವರು ಸುಳ್ಳು ಹೇಳುತ್ತಾರೆ. ಅವಳಿಗೆ ಆಗಲಿಲ್ಲ.

ಮೂರನೇ ತಿಂಗಳ ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಸ್ಪಂಜಕ್ಕ ಬಲಗೈಯಲ್ಲಿ ಫೋನು, ಎಡಗೈಯಲ್ಲಿ ತಗಡಿನ ಡಬ್ಬಿ ಎತ್ತಿಕೊಂಡಳು.

"ಯಾರದ್ದೇ? ಮುದುಕನದ್ದಾ?"

"ಯಾರದ್ದೂ ಇಲ್ಲಕ್ಕಾ" ಎಂದಳು ಗುಡುಗಮ್ಮ. "ಎಲ್ಲ ಕಲ್ಲಿನ ಥರ ಇದಾವೆ. ಸುಮ್ನೆ ಮಾಡ್ದೆ."

"ಸುಮ್ನೆನಾ?"

"ಹೂಂ, ಸುಮ್ನೆ. ಊಟ ಆಯ್ತಾ?"

"ಆಯ್ತು."

"ಮತ್ತೆ?"

ಸ್ಪಂಜಕ್ಕ ಹುಡುಕಿದಳು. ಇಷ್ಟು ವರ್ಷ ಈ ಫೋನಿನಲ್ಲಿ ತುಟಿ, ಗಲ್ಲ, ಉಗಿ, ನಾಳೆ ಎಷ್ಟು ಗಂಟೆಗೆ, ಇಷ್ಟು ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಆ ಕಡೆ ಗುಡುಗಮ್ಮ ಕಾಯುತ್ತಿದ್ದಳು.

"ಉಗಿ ಜಾಸ್ತಿ ಹಿಡಿಬೇಡ" ಎಂದಳು ಸ್ಪಂಜಕ್ಕ.

"ಇಲ್ಲಕ್ಕಾ."

"ಸರಿ ಹಾಗಾದ್ರೆ, ಇಡ್ತೀನಿ."

ಇಟ್ಟೂ ಬಿಟ್ಟಳು. ಆಮೇಲೆ ನೆನಪಾಯಿತು: ಮಗಳ ಹಲ್ಲು ಮತ್ತೆ ಬಂತಾ ಎಂದು ಕೇಳಬಹುದಿತ್ತು. ಚಹಾ ಕುಡಿದೆಯಾ ಎನ್ನಬಹುದಿತ್ತು. ಗಂಡ ಹೇಗಿದ್ದಾನೆ ಎಂದಿದ್ದರಂತೂ ಅವಳೇ ಅರ್ಧ ಗಂಟೆ ಬೈಯುತ್ತಿದ್ದಳು. ಸ್ಪಂಜಕ್ಕ ಫೋನನ್ನು ಮತ್ತೆ ಕೈಗೆತ್ತಿಕೊಂಡಳು. ತಾನಾಗಿ ಅವಳು ಯಾರಿಗೂ ಫೋನ್ ಮಾಡಿದವಳಲ್ಲ. ಮಾಡಿದರೆ ಏನು ಕೆಟ್ಟಿದೆ ಎಂದು ಹೇಳಲಿ ಎಂದುಕೊಂಡು ಮನೆಯೆಲ್ಲ ಕಣ್ಣಾಡಿಸಿದಳು. ನಲ್ಲಿ, ಇಸ್ತ್ರಿಪೆಟ್ಟಿಗೆ, ಕಿಟಕಿಯ ಚಿಲಕ. ಯಾವುದೂ ಕೆಟ್ಟಿರಲಿಲ್ಲ.