ಅಕ್ಕನ ವಂಕಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಬೆಳಿಗ್ಗೆ ಕುರಿ ರೊಪ್ಪ ಗುಡಿಸಿ, ಕಳ್ಳಂಬೆಳ್ಳದವರೆಗೆ ನಡೆದು, ಸಿರಾ ಬಸ್ಸಿನಲ್ಲಿ ನಿಂತೇ ಓದಿದ ಬಿಎಸ್ಸಿ ಅದು. ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿ, ಎಲ್ಲಿಗೆ ಹೋಗುವುದಿದ್ದರೂ ಮನೆಯವರು ನನ್ನನ್ನೇ ಮುಂದೆ ಮಾಡುತ್ತಿದ್ದರು.

ಎರಡನೇ ಹೆರಿಗೆಯಾದ ಮೇಲೆ ಅಕ್ಕ ವಂಕಿ ಹಾಕಿಸಿಕೊಳ್ಳಲು ಹೊರಟಾಗಲೂ ಹಾಗೇ ಆಯಿತು. ಬಸಿರು ನಿಲ್ಲದಂತೆ ಒಳಗೆ ಇಡುವ ಕಾಪರ್-ಟಿಗೆ ನಮ್ಮ ಕಡೆ ವಂಕಿ ಎಂದೇ ಹೆಸರು. ಭಾವ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದರು. ಆಂಧ್ರ, ಮಹಾರಾಷ್ಟ್ರ ಎಂದು ಹೋದರೆ ಬರುವುದು ಮೂರು ತಿಂಗಳಿಗೆ.

"ಮದ್ವೇಲಿ ತೋಳಿಗೆ ಚಿನ್ನದ ವಂಕಿ ಹಾಕ್ತೀವಂದ್ರು, ಹಾಕ್ಲಿಲ್ಲ. ಸರ್ಕಾರದೋರಾದ್ರೂ ಹಾಕ್ತಾವ್ರೆ ಬುಡು," ಎಂದು ಅಕ್ಕ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದಳು.

ಅವಳು ಒಳಗೆ ಮಲಗಿದ್ದಾಗ ನರ್ಸಮ್ಮ ಹೊರಗೆ ಬಂದು ನನ್ನ ಮುಂದೆ ನಿರೋಧ್ ಪೊಟ್ಟಣ ಚಾಚಿದರು. "ವಂಕಿ ಮಗು ಆಗದಂಗೆ ತಡೀತದೆ, ಕಾಯ್ಲೆ ತಡಿಯಲ್ಲ. ಗಂಡ ಊರೂರು ತಿರುಗೋನು ಅಂತೀರ. ಇದೂ ಬೇಕು ಅಂತ ನಿಮ್ಮಕ್ಕಂಗೆ ಬಿಡಿಸಿ ಹೇಳಮ್ಮ, ಓದಿದೋಳು ನೀನು."

ಸಾಲಿನಲ್ಲಿ ನಮ್ಮೂರಿನ ಹೆಂಗಸರಿದ್ದರು. ನನಗಿನ್ನೂ ಮದುವೆಯಾಗಿರಲಿಲ್ಲ. "ವಂಕಿ ಹಾಕ್ಸಿದ್ಮೇಲೆ ಅದ್ಯಾಕೆ, ಬೇಡಿ," ಎಂದು ಕೈ ಹಿಂದಕ್ಕೆಳೆದುಕೊಂಡೆ. ಎಚ್‌ಐವಿ ಹೇಗೆ ಹರಡುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವಳು ನಾನು.

"ಏನಂದ್ರೆ ನರ್ಸಮ್ಮ?" ದಾರಿಯಲ್ಲಿ ಅಕ್ಕ ಕೇಳಿದಳು.

"ಇನ್ ಭಯ ಇಲ್ವಂತೆ."

ಮೂರು ವರ್ಷ ಅವಳು ಭಯವಿಲ್ಲದೆ ಇದ್ದಳು. ಭಾವ ಪ್ರತಿಸಲ ಬಂದಾಗಲೂ ಒಂದಿಷ್ಟು ಇಳಿದಿರುತ್ತಿದ್ದರು. ಜ್ವರ, ಭೇದಿ, ನಾಲಿಗೆಯ ಮೇಲೆ ಬೆಳ್ಳಗೆ ಕಟ್ಟಿದ ಅಗ್ರ. ಬೋರ್‌ವೆಲ್ ಧೂಳು ಎಂದರು ಊರಿನವರು. ನನಗೆ ಬೇರೇನೋ ಅನ್ನಿಸಿತ್ತು, ಬಾಯಿ ಬಿಡಲಿಲ್ಲ. ಕಡೆಗೆ ಸಿರಾದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಭಾವನಿಗೆ ಎಚ್‌ಐವಿ. ಹೆಂಡತಿಯನ್ನೂ ಕರೆತನ್ನಿ ಎಂದರು.

ರಕ್ತ ಕೊಟ್ಟು ಬಂದು ಅಕ್ಕ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. "ವಂಕಿ ಐತಲ್ಲ, ನಂಗೆಂಗೆ ಬತ್ತದೆ?"

ಆಗ ಹೇಳಿದೆ. ನರ್ಸಮ್ಮನ ಮಾತು, ನಾನು ಬೇಡವೆಂದ ಪೊಟ್ಟಣ, ಎಲ್ಲ.

ಅವಳು ರಕ್ತ ತೆಗೆದ ಕಡೆ ಒತ್ತಿಕೊಂಡಿದ್ದ ಹತ್ತಿಯನ್ನು ಎತ್ತಿ ನೋಡಿದಳು. "ನೀನ್ ಹೇಳಿದ್ರೂ ಅವ್ರಿಗೆ ಅದ್ನ ಹಾಕ್ಕಳಿ ಅನ್ನಾಕೆ ನಂಗೆಲ್ಲಿತ್ತು ಬಾಯಿ," ಎಂದಳು. ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡೆ. "ಆದ್ರೆ ಬಾಯಿ ಐತೋ ಇಲ್ವೋ ನೋಡ್ಕಳೋಳು ನಾನು ಕಣೆ. ನೀನ್ಯಾರು?"

ಒಳಗಿಂದ ಕರೆದರು. ನಾನೂ ಎದ್ದೆ. "ನೀನಿಲ್ಲೇ ಇರು," ಎಂದು ಒಬ್ಬಳೇ ಹೋದಳು.

ಹೊರಗೆ ಬಂದವಳು ಏನಾಯಿತೆಂದು ಹೇಳಲಿಲ್ಲ. ಬಸ್ಸಿನಲ್ಲೂ ಹೇಳಲಿಲ್ಲ. ಈಗ ಗಂಡ ಹೆಂಡತಿ ಇಬ್ಬರೂ ತಿಂಗಳಿಗೊಮ್ಮೆ ಸಿರಾಕ್ಕೆ ಹೋಗಿ ಬರುತ್ತಾರೆ. ತರುವ ಮಾತ್ರೆ ಒಬ್ಬರಿಗೋ ಇಬ್ಬರಿಗೋ ನನಗೆ ಗೊತ್ತಿಲ್ಲ. ನಾನು ಹೋದಾಗ ಅವಳು ಬೀರುವಿಗೆ ಬೀಗ ಹಾಕುತ್ತಾಳೆ.